ಬಗದಾದದ ತಂತಿ

ಹಳೇ ಹುಬ್ಬಳ್ಳಿಯಲ್ಲಿ ಯಾರನ್ನಾದರೂ ನಿಲ್ಲಿಸಿ ನಮ್ಮ ಮನೆ ಎಲ್ಲಿದೆ ಎಂದು ಕೇಳಿ ನೋಡಿ. "ಬಗದಾದದವರ ಮನಿ ಏನ್ರಿ?" ಎಂದು ದಾರಿ ತೋರಿಸುತ್ತಾರೆ. ದಾರಿಯ ಜೊತೆಗೆ ಕಥೆಯನ್ನೂ ಪುಕ್ಕಟೆಯಾಗಿ ಹೇಳುತ್ತಾರೆ. ನಮ್ಮ ಮುತ್ತಜ್ಜ ಬಗದಾದದ ಯಾವನೋ ಶ್ರೀಮಂತನ ಮಹಲಿನಲ್ಲಿ ವಾದ್ಯ ನುಡಿಸುತ್ತಿದ್ದನಂತೆ. ಧಣಿಯ ಮೇಲೆ ಸಿಟ್ಟಾಗಿ ವಾದ್ಯವನ್ನು ನೆಲಕ್ಕೆ ಅಪ್ಪಳಿಸಿ, ಅದರ ಒಂದೇ ಒಂದು ತಂತಿಯನ್ನು ಮುಂಡಾಸಿನೊಳಗೆ ಸುತ್ತಿಕೊಂಡು ಹಡಗು ಹತ್ತಿದನಂತೆ. ಗೋವೆಯಲ್ಲಿ ಇಳಿದು, ಘಟ್ಟ ಏರಿ, ಹುಬ್ಬಳ್ಳಿಗೆ ಬಂದು ನೆಲೆಸಿದನಂತೆ.

ಈ ಕಥೆಗೆ ನನ್ನ ಆಕ್ಷೇಪಗಳಿವೆ. ಮಹಲಿನಲ್ಲಿ ನುಡಿಸುತ್ತಿದ್ದವನಿಗೆ ಮುಂಬಯಿ ಇರಲಿಲ್ಲವೇ, ಹೈದರಾಬಾದು ಇರಲಿಲ್ಲವೇ? ಹತ್ತಿಯ ಅಂಡಿಗೆ ಕಟ್ಟುವ ಊರಿನಲ್ಲಿ ವಾದ್ಯಗಾರನಿಗೇನು ಕೆಲಸ? ಹುಬ್ಬಳ್ಳಿಯವರೆಗೆ ಬಂದವನು, ಸಂಗೀತವೆಂದರೆ ಪ್ರಾಣ ಬಿಡುವ ಧಾರವಾಡವನ್ನು ಇಷ್ಟು ಹತ್ತಿರದಲ್ಲಿಟ್ಟುಕೊಂಡು ಅತ್ತ ಕಡೆ ಒಮ್ಮೆಯೂ ತಲೆ ಹಾಕಲಿಲ್ಲವೇಕೆ? ಎಲ್ಲಕ್ಕಿಂತ ಮುಖ್ಯವಾದದ್ದು ಇದು: ನಮ್ಮ ಮನೆಯಲ್ಲಿ ಅತಿಥಿಗಳು ಬಂದರೆ ಉರ್ದು, ಜಗಳ ಹತ್ತಿದರೆ ಕನ್ನಡ. ಬಗದಾದದ ರಕ್ತ ಸಿಟ್ಟು ಬಂದಾಗ ಕನ್ನಡದಲ್ಲಿ ಬೈಯುವುದೇಕೆ?

ಒಳ್ಳೆಯ ಪ್ರಶ್ನೆಗಳು. ಆದರೆ ಇವು ನನಗೆ ಹೊಳೆದದ್ದು ತೀರ ತಡವಾಗಿ. ಹೊಳೆಯದಂತೆ ನೋಡಿಕೊಂಡವರು ನನಗೆ ಪ್ರಶ್ನೆ ಕೇಳುವುದನ್ನು ಕಲಿಸಿದವರೇ.

ಅವರು ನನ್ನ ಚಾಚಾ, ಅಬ್ಬಾನ ತಮ್ಮ. ಅಬ್ಬಾ ತೀರಿಕೊಂಡಾಗ ನನಗೆ ಅವರ ಮುಖ ನೆನಪಿಡುವಷ್ಟೂ ವಯಸ್ಸಾಗಿರಲಿಲ್ಲ. ಅಮ್ಮಿ, ನನ್ನ ಅಕ್ಕ, ನಾನು, ಮೂವರನ್ನೂ ಸಾಕಿದವರು ಚಾಚಾ. ಅವರು ಲಗ್ನವಾಗಲಿಲ್ಲ. ಒಬ್ಬ ವಕೀಲರ ಹತ್ತಿರ ಕಾರಕೂನರಾಗಿದ್ದರು. ಕೋರ್ಟಿನಲ್ಲಿ ಕೇಳಿದ್ದನ್ನೆಲ್ಲ ಸಂಜೆ ಮನೆಗೆ ತಂದು ನನ್ನ ಮೇಲೆ ಪ್ರಯೋಗ ಮಾಡುತ್ತಿದ್ದರು. "ಇವತ್ತ ರೊಟ್ಟಿ ಮೇಲು ಅಂತ ವಾದ ಮಾಡು," ಎನ್ನುವರು. ನಾನು ಉಸಿರು ಬಿಡದೆ ರೊಟ್ಟಿಯನ್ನು ಏಳನೆಯ ಸ್ವರ್ಗಕ್ಕೆ ಏರಿಸಿದ ಮೇಲೆ, "ಛಲೋ. ಈಗ ಅನ್ನ ಮೇಲು ಅಂತ ಮಾಡು" ಎನ್ನುವರು. ಅಕ್ಕ ಒಲೆಯ ಮುಂದಿನಿಂದ, "ಇಬ್ಬರೂ ವಾದಾ ತಿನ್ರಿ. ರೊಟ್ಟಿ ನಾ ತಿಂತೇನಿ" ಎಂದು ಕೂಗುವಳು. ನಾನು ಏನೇ ಹೇಳಿದರೂ ಚಾಚಾನದು ಒಂದೇ ಮಾತು: "ಪುರಾವಿ ಎಲ್ಲೈತಿ?" ಧಾರವಾಡದ ಕಾಲೇಜಿನ ಚರ್ಚಾಕೂಟದಲ್ಲಿ ನಾನು ಗೆದ್ದು ಬಂದ ದಿನಗಳಲ್ಲೆಲ್ಲ ನನ್ನ ಬಾಯಿಂದ ಹೊರಟದ್ದು ಆ ಪ್ರಶ್ನೆಯೇ, ಬೇರೆ ಬೇರೆ ಅಂಗಿ ತೊಟ್ಟುಕೊಂಡು.

ಬಗದಾದಕ್ಕೆ ಮಾತ್ರ ಪುರಾವೆ ಕೇಳಬೇಕಾಗಿರಲಿಲ್ಲ. ಪುರಾವೆ ಮನೆಯ ಗೂಡಿನಲ್ಲೇ ಇತ್ತು. ಹಸಿರು ಬಟ್ಟೆಯಲ್ಲಿ ಸುತ್ತಿಟ್ಟ ತಂತಿ. ಲೋಹದ್ದಲ್ಲ, ಕರುಳಿನಿಂದ ಹೊಸೆದದ್ದು. ಹಳದಿಗಟ್ಟಿ, ಒಣಗಿದ ಬಳ್ಳಿಯಂತೆ ಆಗಿತ್ತು. ನಮ್ಮ ಓಣಿಯಲ್ಲಿ ಯಾವ ಕೂಸನ್ನು ತೊಟ್ಟಿಲಿಗೆ ಹಾಕಿದರೂ ಚಾಚಾನಿಗೆ ಕರೆ ಬರುತ್ತಿತ್ತು. ತಂತಿಯ ಒಂದು ತುದಿಯನ್ನು ನಾನು ಹಿಡಿಯಬೇಕು, ಇನ್ನೊಂದನ್ನು ಅವರು. ಬಿಗಿಯಾಗಿ ಎಳೆದು ಕೂಸಿನ ಕಿವಿಯ ಹತ್ತಿರ ಮಿಡಿದರೆ 'ಟಂಯ್' ಎನ್ನುವುದು. "ಬಗದಾದದ ಸುರ. ಕೂಸಿನ ಕಿವಿ ತೆರೀತೈತಿ," ಎಂದು ಚಾಚಾ ಹೇಳುವರು. ಹೆಂಗಸರು ಸೆರಗು ಸರಿಮಾಡಿಕೊಂಡು ತಲೆದೂಗುವರು. ಒಂದು ಮನೆಯಲ್ಲಿ ಕೂಸು ಆ ಸುರಕ್ಕೆ ಬೆಚ್ಚಿ ಚಾಚಾನ ಮೇಲೆಯೇ ಉಚ್ಚೆ ಹೊಯ್ದಿತು. "ಇದು ತಬಲಾದಾವ ಆಗ್ತಾನ" ಎಂದರು ಚಾಚಾ. ಎಲ್ಲರೂ ನಕ್ಕರು. ಅವರ ಜೊತೆ ನಿಂತು ಆ ತಂತಿಯ ತುದಿ ಹಿಡಿಯುವುದೆಂದರೆ ನನಗೆ ಎಂಥ ಹೆಮ್ಮೆಯಿತ್ತು ಎಂದು ಈಗ ಬರೆಯಲು ಸಿಟ್ಟು ಬರುತ್ತದೆ.

ಚಾಚಾ ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಖಟ್ಲೆಯ ಕೆಲಸವೆಂದು ಬೆಳಗಾವಿಗೆ ಹೋಗಿ ಎರಡು ದಿನ ಇದ್ದು ಬರುತ್ತಿದ್ದರು. ಬರುವಾಗ ಏನಾದರೂ ತರುವರು. ಹಿಂದಿನ ವರ್ಷ ತಂದದ್ದು ಒಂದು ಕೌದಿ. ಹಳೆಯ ಸೀರೆಗಳ ತುಂಡುಗಳನ್ನು ಒಂದರ ಮೇಲೊಂದು ಇಟ್ಟು, ಇರುವೆ ಸಾಲಿನಂಥ ಹೊಲಿಗೆ ಹಾಕಿ, ಮೂಲೆಗೆ ಕೆಂಪು ಗೊಂಡೆ ಇಟ್ಟಿದ್ದರು. ಚೆಂದವಿತ್ತು, ಆದರೆ ಅಳತೆ ನೋಡಿದರೆ ಮೊಣಕಾಲಿಗೂ ಸಾಲದು.

"ಚಾಚಾ, ಇದು ಮನಶ್ಯಾರಿಗೋ ಬೆಕ್ಕಿಗೋ?" ಎಂದು ಅಕ್ಕ ಕೇಳಿದಳು. ಅವಳನ್ನು ನಾವು ಕರೆಯುವುದು ಆಪಾ ಎಂದು. ಬಗದಾದದ ಮನೆಯಲ್ಲಿ 'ಅಕ್ಕ' ಎನ್ನಕೂಡದು.

"ಪ್ಯಾಟ್ಯಾಗ ಚಂದ ಕಾಣಿಸ್ತು, ತಂದೆ," ಎಂದರು ಚಾಚಾ. ಅಳತೆ ನೋಡದೆ ಏನನ್ನೂ ಕೊಳ್ಳದ ಮನುಷ್ಯ. ಅದನ್ನು ಆಪಾ ತನ್ನ ಹೊಲಿಗೆ ಯಂತ್ರಕ್ಕೆ ಹೊದಿಸಿದಳು.

ಆ ಯಂತ್ರದಲ್ಲಿ ಓಣಿಯವರ ಕುಪ್ಪಸ ಹೊಲಿಯುತ್ತ ಆಪಾನಿಗೆ ಇಪ್ಪತ್ತನಾಲ್ಕಾಯಿತು. ನಮ್ಮ ಕಡೆ ಅದು ಮುದುಕಿಯ ವಯಸ್ಸು. ಬಂದ ಹುಡುಗರನ್ನೆಲ್ಲ ಚಾಚಾ 'ಬಗದಾದಕ್ಕ ಸರಿಹೊಂದೂದಿಲ್ಲ' ಎಂದು ತಿರುಗಿಸಿ ಕಳಿಸಿದ್ದರು. ಕೊನೆಗೆ ಬಂದದ್ದು ಒಬ್ಬ ಉರ್ದು ಸಾಲಿಯ ಮಾಸ್ತರ. ಅವನ ತಂದೆಗೆ ಪೇಟೆಯಲ್ಲಿ ಗಾದಿ ಹೊಲಿಯುವ ಅಂಗಡಿ. ಮಾಸ್ತರ ತಂಗಿಯ ಕುಪ್ಪಸ ಒಯ್ಯಲು ನಮ್ಮ ಬಾಗಿಲಿಗೆ ಒಮ್ಮೆ ಬಂದಿದ್ದ. ಕನ್ನಡಕ ಒರೆಸುತ್ತ ನೆಲ ನೋಡಿ ಮಾತಾಡಿದ್ದ. "ನೆಲಾ ನೋಡ್ಕೋತ ನಗ್ತಾನ ನೋಡ, ಹಂಗ ನಗೋರು ಭಾಳ ಮಂದಿ ಇರೂದಿಲ್ಲ," ಎಂದು ಆಪಾ ನನಗೊಬ್ಬನಿಗೇ ಹೇಳಿದ್ದಳು.

ಚಾಚಾ ಒಂದೇ ಮಾತಿನಲ್ಲಿ ಮುಗಿಸಿದರು. "ಗಾದಿ ಹೊಲಿಯೋರು, ಹತ್ತಿ ಹಿಂಜೋರು. ಬಗದಾದದ ಹೆಣ್ಣ ಅಲ್ಲಿ ಹೆಂಗ ಕೊಡೂದು? ಶುಕ್ರವಾರ ಅವರ ಹಿರೇರು ಬರ್ತಾರ. ಆಗೂದಿಲ್ಲ ಅಂತ ಹೇಳಿಬಿಡ್ತೇನಿ."

ಅಮ್ಮಿ ಎದ್ದು ಒಲೆಯ ಕಡೆಗೆ ಹೋದಳು. ಸವಣೂರಿನ ಅವಳ ತವರು ಅವಳನ್ನು ಈ ಮನೆಗೆ ಕೊಟ್ಟದ್ದೇ ಬಗದಾದದ ಹೆಸರು ಕೇಳಿ. ನಾನು ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದಾಗ ಆಪಾ ಬಂದು ನಿಂತಳು.

"ಊರ ಮಂದಿ ಮುಂದ ವಾದಾ ಮಾಡಿ ಇನಾಮ ತರ್ತೀಯಲ್ಲ, ನನ್ನ ಸಲುವಾಗಿ ಒಂದ ವಾದಾ ಮಾಡ್ತೀ?"

"ಏನಂತ?"

"ಬಗದಾದ ಖರೇ ಇದ್ರ ಖರೇ ಅಂತ ಸಾಬೀತ ಮಾಡು. ಸುಳ್ಳಿದ್ರ ಸುಳ್ಳಂತ ಮಾಡು. ಖರೇ ಇದ್ರ ನಾ ಸುಮ್ನ ಇರ್ತೇನಿ. ಆದ್ರ ನಾ ನೋಡದ ಊರಿನ ಸಲುವಾಗಿ ನಾ ನೋಡಿದ ಮನಶ್ಯಾನ್ನ ಬಿಡಬೇಕಂದ್ರ, ಆ ಊರ ಇರಬೇಕಲ್ಲೋ?"

ನಾನು ಕೇಳಿದ ಅತ್ಯುತ್ತಮ ವಾದ ಅದು. ಯಾವ ಚರ್ಚಾಕೂಟದಲ್ಲೂ ನನಗೆ ಅಂಥದ್ದು ಎದುರಾಗಿರಲಿಲ್ಲ.

ಬುಧವಾರ ನಾನು ಗೂಡಿನ ತಂತಿಯನ್ನು ಜೇಬಿನಲ್ಲಿಟ್ಟುಕೊಂಡು ಧಾರವಾಡದ ಗಾಡಿ ಹತ್ತಿದೆ. ನನ್ನ ಯೋಚನೆ ಸರಳವಾಗಿತ್ತು. ಯಾವ ವಾದ್ಯದ ತಂತಿ ಎಂದು ತಿಳಿದರೆ ಯಾವ ದೇಶದ್ದೆಂದು ತಿಳಿಯುತ್ತದೆ. ಖರೆ ಹೇಳಬೇಕೆಂದರೆ, ಅದು ಬಗದಾದದ್ದೇ ಆಗಿರಲಿ ಎಂದೇ ನನ್ನ ಮನಸ್ಸು ಬಯಸಿತ್ತು. ಖರೆಯೋ ಸುಳ್ಳೋ ನೋಡು ಎಂದು ಆಪಾ ಹೇಳಿದ್ದಳು. ನಾನು ಹೊರಟದ್ದು ಚಾಚಾನನ್ನು ಗೆಲ್ಲಿಸಲು.

ಕಾಲೇಜಿನ ಗೆಳೆಯನೊಬ್ಬನ ಅಜ್ಜ ಸಾರಂಗಿ ನುಡಿಸುತ್ತಿದ್ದರು. ಅವರ ಮುಂದೆ ಹಸಿರು ಬಟ್ಟೆ ಬಿಚ್ಚಿದೆ. ಕಥೆಯನ್ನೂ ಹೇಳಿದೆ, ಹಡಗಿನ ಸಮೇತ. ಅವರು ತಂತಿಯನ್ನು ಬೆರಳುಗಳ ನಡುವೆ ಒಮ್ಮೆ ಎಳೆದು ನೋಡಿ, ಬೆಳಕಿಗೆ ಹಿಡಿದು, ನಕ್ಕರು.

"ಕಥಿ ಛಲೋ ಐತಿ. ತಂತಿನೂ ಗಟ್ಟಿ ಐತಿ. ಆದ್ರ ಇದು ಯಾವ ಸಾಜಿಂದೂ, ಯಾವ ವಾದ್ಯದ್ದೂ ಅಲ್ಲಪ್ಪಾ. ಇಷ್ಟ ದಪ್ಪ ತಂತಿ ಹಾಕಿದ್ರ ನನ್ನ ಸಾರಂಗಿ ಎರಡ ಹೋಳ ಆಗ್ತೈತಿ. ಇಲ್ಲಿ ನೋಡು, ನಡುವ ಹೆಂಗ ಜಜ್ಜೇತಿ. ಇದು ನುಡಿಸಿದ ತಂತಿ ಅಲ್ಲ, ಬಡದ ತಂತಿ."

ಬಡಿದ ತಂತಿ ಎಂದರೇನೆಂದು ಅವರಿಗೂ ತಿಳಿಯದು, ನನಗೂ ತಿಳಿಯಲಿಲ್ಲ. ಕೆಳಗಿಳಿದು ಓಣಿಯಲ್ಲಿ ನಿಂತೆ. ಆಗ ಮೂಲೆಯ ಆಚೆಯಿಂದ ಅದು ಕೇಳಿಸಿತು: ಟಂಯ್... ಟಂಯ್...

ಹೆಗಲ ಮೇಲೆ ಆಳುದ್ದದ ಬಿಲ್ಲು ಹೊತ್ತು ಹತ್ತಿ ಹಿಂಜುವವನೊಬ್ಬ ಬರುತ್ತಿದ್ದ. ಅವರು ಕೂಗುವುದಿಲ್ಲ, ಬಿಲ್ಲಿನ ತಂತಿಯನ್ನು ಮಿಡಿದರೆ ಸಾಕು, ಗಾದಿ ಬಿಚ್ಚಿಸಬೇಕಾದವರು ಬಾಗಿಲಿಗೆ ಬರುತ್ತಾರೆ. ಹತ್ತಿಯ ರಾಶಿಯ ಮೇಲೆ ಬಿಲ್ಲನ್ನು ಹಿಡಿದು ಕೊಡತಿಯಿಂದ ತಂತಿಯನ್ನು ಬಡಿದರೆ ಅರಳೆ ಹೊಗೆಯಂತೆ ಏಳುತ್ತದೆ. ಹುಟ್ಟಿದಾಗಿನಿಂದ ನಾನು ಕೇಳಿದ ಸದ್ದು ಅದು, ಹುಬ್ಬಳ್ಳಿಯ ಪ್ರತಿ ಓಣಿಯಲ್ಲಿ. ತೊಟ್ಟಿಲ ಮುಂದೆಯೂ ಕೇಳಿದ್ದೆ. ಎರಡೂ ಒಂದೇ ಎಂದು ಹೊಳೆದಿರಲಿಲ್ಲ. ಒಂದು ಓಣಿಯ ಸದ್ದು, ಇನ್ನೊಂದು ಬಗದಾದದ ಸುರ. ಕಿವಿ ಎರಡನ್ನೂ ಬೇರೆ ಬೇರೆ ಗೂಡಿನಲ್ಲಿ ಇಟ್ಟಿತ್ತು.

"ಯಾವೂರಪ್ಪಾ ನಿಂದು?" ಎಂದೆ. ಏನಾದರೂ ಕೇಳಬೇಕಾಗಿತ್ತು.

ಟಾಂಗಾವೊಂದು ಗಡಗಡ ಸದ್ದು ಮಾಡುತ್ತ ನಮ್ಮಿಬ್ಬರ ನಡುವೆ ಹಾದುಹೋಯಿತು. ಅವನು ಹೇಳಿದ. ನನಗೆ ಕೇಳಿಸಿದ್ದು 'ಬಗದಾದ'.

"ಏನಂದಿ?"

"ಮುಗದ್ರೀ, ಮುಗದ. ಅಳ್ನಾವರ ಗಾಡಿಗೆ ಹೋದ್ರ ಬರ್ತೈತಲ್ರಿ, ಅದು. ಗಾದಿ ಐತೇನ್ರಿ ಹಿಂಜೂದು?"

ಗಾದಿ ಇರಲಿಲ್ಲ. ನಾನು ರಸ್ತೆಯ ನಡುವೆ ನಿಂತು ಎರಡೂ ಹೆಸರುಗಳನ್ನು ಬಾಯಲ್ಲಿ ಹೊರಳಿಸಿದೆ. ಮುಗದದವರು. ಬಗದಾದದವರು. ಹಲ್ಲಿಲ್ಲದವರು ಹೇಳಿದರೆ, ಕಿವಿ ಮಂದವಾದವರು ಕೇಳಿದರೆ, ಅಥವಾ ಒಂದು ಟಾಂಗಾ ನಡುವೆ ಹಾದರೆ... ಸಮುದ್ರ ದಾಟುವುದಕ್ಕೆ ಅಷ್ಟು ಸಾಕು.

ಗುರುವಾರ ಕಾಲೇಜು ಬಿಟ್ಟು ಮುಗದಕ್ಕೆ ಹೋದೆ. ಧಾರವಾಡ ದಾಟಿ ಗಾಡಿ ಸರಿಯಾಗಿ ಓಟ ಹಿಡಿಯುವುದರೊಳಗೆ ಊರು ಬಂತು. ಹತ್ತಿ ಹಿಂಜುವವರ ಓಣಿ ಕೇಳಿದೆ. ಕೆರೆಯ ಕಡೆ ಎಂದರು. ಅಲ್ಲಿ ಗೋಡೆಗಳ ತಲೆಯ ಮೇಲೆಲ್ಲ ಅರಳೆಯ ನವಿರು ಅಂಟಿಕೊಂಡಿತ್ತು. ಒಂದು ಮನೆಯ ಕಟ್ಟೆಯ ಮೇಲೆ ಮುದುಕಿಯೊಬ್ಬಳು ಕಾಲು ಚಾಚಿಕೊಂಡು ಕೌದಿ ಹೊಲಿಯುತ್ತಿದ್ದಳು. ಅವಳ ಹಿಂದಿನ ಗೋಡೆಗೆ ಬಿಲ್ಲು ತೂಗುಹಾಕಿತ್ತು.

"ಈ ಓಣಿಯಿಂದ ಹಿಂದ ಯಾರರ ಹುಬ್ಬಳ್ಳಿಗೆ ಹೋಗಿ ನೆಲಸ್ಯಾರೇನ್ರಿ?" ಎಂದು ಕೇಳಿದೆ.

ಅವಳು ಸೂಜಿ ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. ನೋಡುತ್ತ ನೋಡುತ್ತ ಅವಳ ಬಾಯಿ ಅಗಲವಾಯಿತು.

"ಎಪ್ಪಾ! ಈ ಮೂಗ ಎಲ್ಲಿ ಮುಚ್ಚಿಡ್ತೀ? ನೀ ಹುಬ್ಬಳ್ಳಿ ಕಾಕಾನ ಅಣ್ಣನ ಮಗಾ ಅಲ್ಲೇನು? ಕಾಕಾ ಎಲ್ಲಿ? ಅವನ ಕೂಡ ಬಂದೀಯೇನು?"

ಹುಬ್ಬಳ್ಳಿ ಕಾಕಾ. ನಮ್ಮ ಮನೆಯಲ್ಲಿ ಚಾಚಾ ಎನ್ನದಿದ್ದರೆ ಓಗೊಡದ ಮನುಷ್ಯನನ್ನು ಈ ಓಣಿಯ ಮಕ್ಕಳು ಮರಿಯೆಲ್ಲ ಕಾಕಾ ಎನ್ನುತ್ತಿದ್ದರು. ಅವಳು ಚಾಚಾನ ಸೋದರತ್ತೆ, ನನ್ನ ಅಜ್ಜನ ತಂಗಿ. ಬಗದಾದದ ಮುತ್ತಜ್ಜ ಅವಳಿಗೆ ಅಪ್ಪ.

"ನಮ್ಮಪ್ಪ ನಮ್ಮಣ್ಣನ್ನ ಕರಕೊಂಡು ಹುಬ್ಬಳ್ಳಿಗೆ ಹ್ವಾದ. ನನ್ನ ಲಗ್ನ ಇಲ್ಲೇ ಆಗಿತ್ತು, ನಾ ಉಳದ್ನಿ. ಬಿಲ್ಲ ನನಗ ಬಿಟ್ಟ, ಒಂದ ತಂತಿ ಅಣ್ಣನ ಕೈಯಾಗ ಕೊಟ್ಟ. ಕೂಸಿನ ತೊಟ್ಟಿಲಿಗೆ ಬೇಕಲ್ಲ? ನಮ್ಮ ಪೈಕಿ ಎಲ್ಲಾರೂ ಮಿಡೀತೀವಿ. ಕಿವಿ ತೆರೀತೈತಿ."

ಕಿವಿ ತೆರೀತೈತಿ. ಅದೇ ಮಾತು.

ಅವಳು ನನ್ನನ್ನು ಒಳಗೆ ಕರೆದು ರೊಟ್ಟಿ, ಪುಂಡಿಪಲ್ಲೆ ಇಟ್ಟಳು. ಚಾಚಾ ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಬರುತ್ತಾರೆ, ಇದೇ ಚಾಪೆಯ ಮೇಲೆ ಎರಡು ದಿನ ಮಲಗುತ್ತಾರೆ, ಹಿರಿಯರ ಗೋರಿಗಳ ಸುತ್ತ ಕಸ ಕಿತ್ತು ಹೋಗುತ್ತಾರೆ ಎಂದಳು. ಸುಳ್ಳು ಹೇಳಿದ ಮನುಷ್ಯನ ಮೇಲೆ ಸಿಟ್ಟಾಗುವುದು ಸುಲಭ; ಇಲ್ಲಿ ಕೂತು ಇಷ್ಟು ಪ್ರೀತಿಯಿಂದ ಉಂಡು ಬಂದು, ಅಲ್ಲಿ 'ಹತ್ತಿ ಹಿಂಜೋರು' ಎಂದು ಮೂಗು ಮುರಿದವನನ್ನು ಏನು ಮಾಡುವುದು?

"ಅದಿರಲಿ," ಎಂದಳು ಮುದುಕಿ, ಇನ್ನೊಂದು ರೊಟ್ಟಿ ಹಾಕುತ್ತ. "ನಿಮ್ಮಕ್ಕ ಹೆಂಗದಾಳ? ವಿಜಾಪುರ ಸೇರತೈತಂತೇನು?"

ಯಾವ ವಿಜಾಪುರ ಎಂದು ಅವಳ ಮುಖ ನೋಡಿದೆ.

"ನನ್ನ ಮೊಮ್ಮಗಗ ಆಕೀನ್ನ ಕೇಳಿದ್ನಪ್ಪಾ. ಲಗ್ನ ಆಗೇತಿ ಅತ್ತಿ, ವಿಜಾಪುರಕ್ಕ ಕೊಟ್ಟೇವಿ, ಅಳಿಯಾ ರೇಲ್ವೇದಾಗ ಅದಾನ ಅಂದ ಕಾಕಾ. ಆಗ್ಲಿ, ಹಣಿಬಾರ. ಕೂಸ ಹುಟ್ಟೇತಿ ಅಂದಾಗ ಕೌದಿ ಹೊಲದ ಕೊಟ್ಟಿದ್ನಿ ನೋಡು, ಕೆಂಪ ಗೊಂಡೇದ್ದು. ಸಾಲ್ತೈತೇನು ಇನ್ನೂ? ಕೂಸು ಬೆಳದಿರಬೇಕು."

ಅವಳ ಸೂಜಿಯ ತುದಿಯಲ್ಲಿ ಕೆಂಪು ದಾರವಿತ್ತು. ಮಡಿಲಲ್ಲಿದ್ದದ್ದು ಹೊಸ ಕೌದಿ, ಇನ್ನೂ ಸ್ವಲ್ಪ ದೊಡ್ಡ ಅಳತೆಯದು.

ಪುರಾವೆ, ತರ್ಕ, ಪ್ರತಿವಾದ, ಎಲ್ಲವನ್ನೂ ಬಲ್ಲ ನನ್ನ ಬಾಯಿಂದ ಹೊರಟದ್ದು ಇಷ್ಟೇ: "ಸಾಲ್ತೈತ್ರಿ. ಹಲ್ಲ ಬಂದಾವ ಕೂಸಿಗೆ."

"ಬಂದಾವ?" ಎಂದು ಅವಳು ತನ್ನ ಬೋಳು ಒಸಡು ತೋರಿಸಿ ನಕ್ಕಳು. "ನನ್ನ ಹಲ್ಲೂ ಅದಕ್ಕ ಕೊಟ್ಟೇನಿ ಅಂತ ಹೇಳು."

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಜಮಖಾನೆಯ ಮೇಲೆ ಶರಬತ್ತಿನ ಲೋಟಗಳು ತುಂಬಿದಂತೆಯೇ ಇದ್ದವು. ಮಾಸ್ತರನ ಕಡೆಯವರು ಶುಕ್ರವಾರಕ್ಕೆ ಕಾಯದೆ ಆ ದಿನವೇ ಬಂದಿದ್ದರು. ಚಾಚಾ ಉತ್ತರ ಕೊಟ್ಟಾಗಿತ್ತು. ಬಂದವರು ಶರಬತ್ತು ಮುಟ್ಟದೆ ಎದ್ದು ಹೋಗಿದ್ದರು. ಒಳಗೆ ಹೊಲಿಗೆ ಯಂತ್ರ ಓಡುತ್ತಿರಲಿಲ್ಲ.

ನಾನು ಹಸಿರು ಬಟ್ಟೆಯನ್ನು ಚಾಚಾನ ಮುಂದೆ ಇಟ್ಟೆ. "ಮುಗದಕ್ಕ ಹೋಗಿದ್ನಿ."

ಅವರು ಬೆಚ್ಚಲಿಲ್ಲ. ಕನ್ನಡಕ ತೆಗೆದು ಮಡಚಿದರು. ಕೋರ್ಟಿನಲ್ಲಿ ಎದುರು ಪಕ್ಷದ ಸಾಕ್ಷಿ ಚೆನ್ನಾಗಿ ನುಡಿದಾಗ ವಕೀಲರು ಮಾಡುವಂತೆ.

"ಹೇಳು. ನಿನ್ನ ವಾದಾ ಮಂಡಿಸು."

"ಸುಳ್ಳ ಹೇಳೀರಿ. ಇದ ನನ್ನ ವಾದಾ."

"ಯಾರ ಹೇಳಿದ್ರು? ನಿಮ್ಮ ಮುತ್ತಜ್ಜ ಹುಬ್ಬಳ್ಯಾಗ ಮನಿ ಹುಡುಕಿದಾಗ ಯಾವೂರು ಅಂತ ಕೇಳಿದ್ರು. ಮುಗದ ಅಂದ. ಕೇಳಿದಾವ ಬಗದಾದ ಅಂತ ಕೇಳಿಸ್ಕೊಂಡ, ಎದ್ದ ನಿಂತ, ಚಾಪಿ ಹಾಸಿದ. ಅಲ್ಲೀತನಕ ನಮಗ ಯಾರೂ ಚಾಪಿ ಹಾಸಿದ್ದಿಲ್ಲ. ಅವರು ತಪ್ಪ ಕೇಳಿಸ್ಕೊಂಡ್ರು. ನಾವು ತಿದ್ದಲಿಲ್ಲ. ಇದರಾಗ ಸುಳ್ಳ ಎಲ್ಲೈತಿ?"

"ತಿದ್ದಲಿಲ್ಲ ಅಂದ್ರೇನು? ವಾದ್ಯಾ, ಮಹಲು, ಹಡಗ ಎಲ್ಲಾ ಕಟ್ಟೀರಿ!"

"ಚಾಪಿ ಹಾಸಿದ ಮ್ಯಾಲ ಕೂತ ಮಾತಾಡಬೇಕಾಗ್ತೈತಿ, ಮಗನ." ಅವರು ನಕ್ಕರು. ನನಗೆ ಪ್ರೀತಿಯಿದ್ದ ಅದೇ ನಗು. "ನಿಮ್ಮ ಅಮ್ಮಿ ಸವಣೂರಿಂದ ಬಂದದ್ದು ಬಗದಾದಕ್ಕ. ಆ ತಪ್ಪ ತಿದ್ದಿದ್ರ ನೀ ಹುಟ್ಟತಿದ್ದಿಲ್ಲ. ಈಗ ಮಾಡು ವಾದಾ: ನಾ ಹುಟ್ಟಬಾರದಿತ್ತು ಅಂತ."

ಅಮ್ಮಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದಳು. ಇಪ್ಪತ್ತೈದು ವರ್ಷಗಳ ಹಿಂದೆ ತಾನು ಹತ್ತಿದ ಹಡಗು ಯಾವುದೆಂದು ಅವಳಿಗೆ ಆಗ ತಿಳಿಯಿತು. ಅವಳು ಚಾಚಾನನ್ನು ನೋಡಲಿಲ್ಲ. ಒಂದೊಂದಾಗಿ ಲೋಟಗಳನ್ನು ಎತ್ತಿ ಒಳಗೊಯ್ದಳು.

ವಾದದಲ್ಲಿ ಸೋತವನು ಮಾಡುವುದನ್ನೇ ನಾನು ಮಾಡಿದೆ. ಜೋರಾಗಿ ಕೂಗಿದೆ. "ಮುತ್ತಜ್ಜನ ಸುಳ್ಳು ಅವನ ಹೊಟ್ಟೀ ಸಲುವಾಗಿ ಇತ್ತು ಅನ್ರಿ. ನಿಮ್ಮದು? ಮುಗದದಾಗ ಆಪಾನ ಲಗ್ನ ಮಾಡಿಟ್ಟೀರಿ, ವಿಜಾಪುರದಾಗ ಸಂಸಾರ ಹೂಡೀರಿ, ಕೂಸ ಹುಟ್ಟಿಸೀರಿ. ಆ ಕೌದಿ ಬೆಳಗಾವಿ ಪ್ಯಾಟೀದಲ್ಲ. ಆ ಕೂಸಿಂದು. ಅಜ್ಜಿ ಈಗ ಇನ್ನೊಂದ ಹೊಲ್ಯಾಕತ್ತಾಳ, ಕೂಸು ದೊಡ್ಡದಾಗೇತಿ ಅಂತ!"

ಹೇಳಿದ ಮೇಲೆ ನೆನಪಾಯಿತು, ಆಪಾ ಗೋಡೆಯ ಆಚೆಗೇ ಇದ್ದಾಳೆಂದು.

ಚಾಚಾ ಮೊದಲ ಸಲ ಮಾತು ಹುಡುಕಿದರು. ಮಡಚಿಟ್ಟ ಕನ್ನಡಕ ಬಿಡಿಸಿ ಮತ್ತೆ ಹಾಕಿಕೊಂಡರು. "ಅವರೂ ಕೇಳೋರು, ಇವರೂ ಕೇಳೋರು. ಇಲ್ಲಿ ಕೊಡೂಹಂಗಿಲ್ಲ, ಅಲ್ಲಿ ಕೊಟ್ರ ಬಗದಾದ ಬಯಲಾಗ್ತೈತಿ... ನಾ ಏನ ಮಾಡಬೇಕಿತ್ತು?" ಎಂದರು. ಯಾರಿಗೆ ಹೇಳಿದರೋ ತಿಳಿಯದು.

ಆಪಾ ಹೊರಗೆ ಬಂದಳು. ಅವಳ ಕೈಯಲ್ಲಿ ಯಂತ್ರದಿಂದ ತೆಗೆದ ಕೌದಿಯಿತ್ತು. ಅತ್ತಿರಬೇಕು ಎಂದುಕೊಂಡೆ. ಅತ್ತಿರಲಿಲ್ಲ. ಕೆಂಪು ಗೊಂಡೆ ಒಳಗೆ ಬರುವಂತೆ ಕೌದಿಯನ್ನು ನಾಲ್ಕು ಮಡಿಕೆ ಮಡಚಿ, ತೋಳಿನ ಮೇಲೆ ಮಲಗಿಸಿಕೊಂಡಂತೆ ಹಿಡಿದು, ಚಾಚಾನ ಎದುರು ಕೂತಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕಾದವಳಂತೆ ಕೇಳಿದಳು:

"ಚಾಚಾ, ನನ್ನ ಗಂಡನ ಹೆಸರ ಏನಂತ ಹೇಳೀರಿ?"